ಏರಿ ಒಂದೇ ಕಡೆ ಇರಲಿ

ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಊರ ಕೆರೆಯ ಅಭಿವೃದ್ಧಿಗೆ ನಗರಸಭೆಗೆ ಅನುದಾನ ಬಂದಿದೆ. ಕೆರೆಯ ಸುತ್ತ ವಾಕಿಂಗ್ ಪಾತ್, ಬೋಟಿಂಗ್, ನಡುವೆ ಮಣ್ಣು ಸುರಿದು ನಡುಗಡ್ಡೆ, ಅದರ ಮೇಲೊಂದು ಪ್ರತಿಮೆ, ಸಂಜೆಗೆ ಸಂಗೀತ ಕಾರಂಜಿ. ಕೆಲವು ಹುಡುಗರು ಇದಕ್ಕೆ ಅಡ್ಡ ನಿಂತು, ಅದೇ ದುಡ್ಡಿನಲ್ಲಿ ಹೂಳೆತ್ತಿಸಿ, ರಾಜಕಾಲುವೆ ಬಿಡಿಸಿಕೊಡಿ ಅನ್ನುತ್ತಿದ್ದಾರಂತೆ. ಮೇಷ್ಟ್ರ ವಾದ ಹೀಗಿದೆ: "ನದಿಯಿಂದ ಪೈಪ್‌ಲೈನ್ ಬಂದು ಎಷ್ಟೋ ವರ್ಷವಾಯಿತು, ಕೆರೆ ನೀರನ್ನು ಈಗ ಯಾರೂ ಕುಡಿಯುವುದಿಲ್ಲ. ನಮ್ಮಂಥ ವಯಸ್ಸಾದವರಿಗೆ ಕಾಲಾಡಿಸಲು ಒಂದು ಪಾರ್ಕಿಲ್ಲ. ಎಲ್ಲದಕ್ಕೂ ಬೇಡ ಅನ್ನುವವರಿಂದ ಊರು ಉದ್ಧಾರವಾಗುತ್ತದೆಯೇ? ನಿಮ್ಮ ಪತ್ರಿಕೆ ಯಾರ ಕಡೆ?"

ಕೊನೆಯ ಪ್ರಶ್ನೆ ಸುಲಭದ್ದು. ಹುಡುಗರ ಕಡೆ, ಮೇಷ್ಟ್ರೇ.

ನಡೆದಾಡಲು ಜಾಗ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಲಾರಿ, ಬೈಕುಗಳ ನಡುವೆ ವಾಕಿಂಗ್ ಮಾಡಿ ಎಂದು ಯಾರೂ ನಿಮಗೆ ಹೇಳಬಾರದು. ಈಗಿರುವ ಏರಿಯ ಮೇಲೆ ನಾಲ್ಕು ಬೆಂಚು, ಒಂದು ಸಾಲು ದೀಪ, ಒಂದು ಶೌಚಾಲಯ ಆದರೆ ಆ ಹುಡುಗರೂ ಬೇಡವೆನ್ನಲಾರರು. ಆದರೆ ಪಾತ್ ಕೆರೆಯನ್ನು ಪೂರ್ತಿ ಸುತ್ತಿ ಬರುತ್ತದಲ್ಲ, ಜಗಳ ಇರುವುದು ಅಲ್ಲಿ.

ನಮ್ಮ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಉಳಿದ ಕಡೆಗಳಲ್ಲಿ ನೆಲ ನಿಧಾನಕ್ಕೆ ಇಳಿಯುತ್ತ ಬಂದು ನೀರಿಗೆ ಸೇರುತ್ತದೆ. ಮಳೆ ಬಂದಾಗ ಕಾಲುವೆಯ ನೀರಿನ ಜೊತೆಗೆ ಆ ಇಳಿಜಾರಿನ ಉದ್ದಕ್ಕೂ ಹಾಸಿಕೊಂಡು ಬರುವ ನೀರೂ ಕೆರೆಗೇ. ಜೊಂಡು ಬೆಳೆಯುವುದು, ಮೀನು ಮೊಟ್ಟೆಯಿಡುವುದು, ಕೊಕ್ಕರೆ ಕಾಲೂರಿ ನಿಲ್ಲುವುದು ಅಂಚಿನ ಆ ಮೊಣಕಾಲುದ್ದದ ನೀರಿನಲ್ಲೇ. ಬೇಸಿಗೆಗೆ ನೀರು ಹಿಂದೆ ಸರಿದರೆ ಅಂಗಳದಲ್ಲಿ ದನ ಮೇಯುತ್ತವೆ, ರೈತರು ಹೊಲಕ್ಕೆ ಗೋಡು ಮಣ್ಣು ಹೊಡೆಯುತ್ತಾರೆ. ಅಭಿವೃದ್ಧಿಯ ಗುತ್ತಿಗೆದಾರ ಮೊದಲು ಮಾಡುವ ಕೆಲಸ ಈ ಅಂಚನ್ನು ಜೆಸಿಬಿಯಿಂದ ಕಡಿದು ಸುತ್ತಲೂ ಏರಿ ಎಬ್ಬಿಸುವುದು. ಒಳಮೈಗೆ ಕಲ್ಲು, ನೆತ್ತಿಗೆ ಟೈಲ್ಸ್. ಅಲ್ಲಿಗೆ ಕೆರೆ ಸ್ನಾನದ ತೊಟ್ಟಿಯಾಯಿತು. ಹೊಲದ ಕಡೆಯಿಂದ ಬಂದ ನೀರು ಹೊಸ ಏರಿಗೆ ಬಡಿದು ಹೊರಗೇ ನಿಂತು ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಒಳಗೆ ಕೆರೆ ಅರ್ಧಕ್ಕರ್ಧ ಖಾಲಿ.

ಹೀಗೆ ಸಿಂಗಾರವಾದ ಒಂದು ಕೆರೆಯನ್ನು ನೋಡಿ ಬಂದಿದ್ದೇನೆ. ಊರಿನ ಹೆಸರು ಬೇಡ. ರಾಜಕಾಲುವೆ ಕೆರೆಗೆ ಬೀಳುವಲ್ಲಿ ಎರಡು ಸಿಮೆಂಟ್ ಪೈಪಿಟ್ಟು ಕಬ್ಬಿಣದ ಜಾಲರಿ ಕೂರಿಸಿದ್ದರು. ಜಾಲರಿಗೆ ಹಾಲಿನ ಕವರು, ತೆಂಗಿನ ಗರಿ, ಒಂದು ಹರಿದ ಹಾಸಿಗೆ ಅಂಟಿಕೊಂಡಿದ್ದವು. ಕೆರೆಯ ನೀರನ್ನು ಹೊರಗೆ ಬಿಡುವ ತೂಬಿನ ಎರಡು ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಬಳಿದು, ನಡುವೆ ಕೆಂಪು ಹೃದಯದ 'ಐ ಲವ್' ಬೋರ್ಡು ನಿಲ್ಲಿಸಿದ್ದರು. ಕಂಬಗಳನ್ನು ಸೇರಿಸುವ ಅಡ್ಡಗಲ್ಲಿನಲ್ಲಿ ಒಂದು ತೂತಿರುತ್ತದೆ. ನೀರು ಬಿಡುವ ಕೆಲಸದ ನೀರುಗಂಟಿ ಬಿರಡೆಯ ಕೋಲನ್ನು ಎತ್ತಿ ಇಳಿಸುತ್ತಿದ್ದುದು ಅದರೊಳಗಿಂದ. ಈಗ ಅದರಲ್ಲಿ ಬಲ್ಬಿನ ವೈರು ತೂರಿಸಿದ್ದಾರೆ. ಕಾರಂಜಿಗೆ ನೀರು? ಟ್ಯಾಂಕರಿನಲ್ಲಿ ಬರುತ್ತಿತ್ತು.

ನಡುಗಡ್ಡೆಯ ವಿಚಾರಕ್ಕೆ ಬರೋಣ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯೊಂದಿದೆ. 1369ರ ಅದರ ಶಾಸನವನ್ನು ನಮ್ಮ ಪ್ರತಿಯೊಬ್ಬ ನಗರಸಭಾ ಸದಸ್ಯರಿಗೂ ಪ್ರಮಾಣವಚನದ ದಿನ ಓದಿಸಬೇಕು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಹುದಾದ 6 ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಒಂದು ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಇದೆ. ಆರು ದೋಷಗಳಲ್ಲಿ ಒಂದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲ. ಹಿಂದಿನವರು ದೋಷವೆಂದು ಬಿಟ್ಟಿದ್ದನ್ನು ನಾವು ಟೆಂಡರ್ ಕರೆದು ಮಾಡಿಸಿಕೊಳ್ಳುತ್ತಿದ್ದೇವೆ. ಹಕ್ಕಿ ಕೂರಲಿ ಎಂದು ಸಣ್ಣ ಮಣ್ಣುಗುಡ್ಡೆ ಬಿಡುವುದುಂಟು, ಅದು ಬೇರೆ. ಒಂದು ಎಕರೆಯಲ್ಲಿ ಒಂದಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗ ಸಿಗುತ್ತದೆ. ಒಂದಡಿ ಮಣ್ಣು ತುಂಬಿದರೆ ಅಷ್ಟೇ ನೀರು ಹೊರಗೆ. ನೀವು ಗಣಿತದ ಮೇಷ್ಟ್ರಂತೆ, ಉಳಿದ ಲೆಕ್ಕ ನೀವೇ ಮಾಡಬಲ್ಲಿರಿ.

ಅದೇ ಶಾಸನದ ಇನ್ನೊಂದು ದೋಷ, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಇವತ್ತು ನಮ್ಮ ಯಾವ ಕೆರೆಗೆ ಈ ದೋಷವಿಲ್ಲ? ನೀರು ಒಂದು ಇಲಾಖೆಯದು, ಒತ್ತುವರಿ ಇನ್ನೊಂದರದು, ಒಳಚರಂಡಿ ಮತ್ತೊಂದರದು. ಮೀನಿನ ಹರಾಜಿಗೆ ಮಾತ್ರ ಎಲ್ಲರೂ ಹಾಜರು.

ಈಗ ಪೈಪ್‌ಲೈನ್. ದೂರದ ನೀರು ಬಂತೆಂದು ಹತ್ತಿರದ ಕೆರೆಯನ್ನು ಕೈಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ರಾಜಧಾನಿ ಒಂದು ಶತಮಾನಕ್ಕೂ ಮೇಲೆ ಮಾಡಿ ತೋರಿಸಿದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಪ್ರತಿ ಸಲವೂ ನೀರು ಇನ್ನಷ್ಟು ದೂರ ಹೋಯಿತು, ಹಿಂದಿನದರ ಗೊಡವೆ ಕಡಿಮೆಯಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆ ಉಳಿಸಿ ಎಂದು ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತ್ತು. ಆಮೇಲೂ ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕ್ರೀಡಾಗ್ರಾಮ ಕಟ್ಟಿದರು. ಇವತ್ತು ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರಬೇಕು. ಅಷ್ಟೆಲ್ಲ ಆಗಿಯೂ 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ನದಿಯಲ್ಲಿ ನೀರಿಲ್ಲದ ವರ್ಷ ನಿಮ್ಮ ಪೈಪಿನಲ್ಲಿ ಗಾಳಿ ಬರುತ್ತದೆ, ಮೇಷ್ಟ್ರೇ. ಆಗ ಊರಿನ ಬೋರ್‌ವೆಲ್‌ಗಳಿಗೆ ಜೀವ ಕೊಡುವುದು ನೀವು ಯಾರೂ ಕುಡಿಯದ ಆ ಕೆರೆಯೇ. ಕೆರೆ ನೀರು ಕುಡಿಯುವ ಕಾಲ ಮುಗಿಯಿತು ಅನ್ನುವವರು ಹಿರೇಕೊಳಲೆ ಕೆರೆಯನ್ನು ಚಿಕ್ಕಮಗಳೂರಿನವರ ಹತ್ತಿರ, ಕುಂದವಾಡ ಕೆರೆಯನ್ನು ದಾವಣಗೆರೆಯವರ ಹತ್ತಿರ ವಿಚಾರಿಸಲಿ.

ಪಾರ್ಕಿಲ್ಲ ಅನ್ನುತ್ತೀರಿ. ನಿಮ್ಮ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಹಸಿರು ಬಣ್ಣ ಬಳಿದ ಒಂದು ಚೌಕ ಇದ್ದೇ ಇರುತ್ತದೆ. ಅದರ ಮೇಲೆ ಈಗ ಏನಿದೆ, ನೋಡಿದ್ದೀರಾ? ಸಮುದಾಯ ಭವನವೋ, ದೇವಸ್ಥಾನವೋ, ಯಾರದೋ ಕಾರ್ ಶೆಡ್ಡೋ? ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಿಂದ ಕಾನೂನಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1991ರಲ್ಲಿ ಗೆದ್ದರು. ಅವರಂತೆ ನಿಮಗೂ ಸಿಟ್ಟು ಬರಬೇಕಿತ್ತು. ಪಾರ್ಕಿನ ಜಾಗ ಕಳಕೊಂಡ ಊರು ಕೆರೆಯಲ್ಲಿ ಪಾರ್ಕು ಹುಡುಕುತ್ತದೆ. ನಾಳೆ ಕೆರೆ ಕಳಕೊಂಡ ಮೇಲೆ ನೀರನ್ನು ಎಲ್ಲಿ ಹುಡುಕುತ್ತದೋ ಗೊತ್ತಿಲ್ಲ.

ನನಗೆ ರೇಗುವುದು ಕಾರಂಜಿಯ ಮೇಲಲ್ಲ. ಉದ್ಘಾಟನೆ ಮಾಡಲು ಬರುವಂಥದ್ದಕ್ಕೆ ಮಾತ್ರ ಈ ನಾಡಿನಲ್ಲಿ ದುಡ್ಡು ಸಿಗುತ್ತದೆ. ಕಾಲುವೆಯ ಕಸ ತೆಗೆದದ್ದಕ್ಕೆ ಟೇಪು ಕತ್ತರಿಸಲು ಯಾವ ಮಂತ್ರಿ ಬಂದಾನು? ನೀರುಗಂಟಿಗೆ ತಿಂಗಳ ಸಂಬಳ ಕೊಡಿ ಅಂದರೆ ಬಜೆಟ್ಟಿನಲ್ಲಿ ಅದಕ್ಕೆ ಶೀರ್ಷಿಕೆಯೇ ಇಲ್ಲ ಅನ್ನುತ್ತಾರೆ. ಕಲ್ಲಿನ ಆನೆ ನಿಲ್ಲಿಸಲು ಇದೆ. ಗ್ರಂಥಾಲಯಕ್ಕೆ ಹೊಸ ಕಟ್ಟಡವಾಗುತ್ತದೆ, ಪುಸ್ತಕ ಬರುವುದಿಲ್ಲ. ಆಸ್ಪತ್ರೆಗೆ ಕಮಾನು ಏಳುತ್ತದೆ, ನರ್ಸ್ ಬರುವುದಿಲ್ಲ. ಕಾರಂಜಿಯ ಸಮಾರಂಭದಲ್ಲಿ ಸ್ವಾಗತ ಭಾಷಣದವರು 'ಕೆರೆಯಂ ಕಟ್ಟಿಸು' ಎಂಬ ಶಾಸನದ ಮಾತನ್ನು ರಾಗವಾಗಿ ಹೇಳುತ್ತಾರೆ, ಅದನ್ನೂ ಕೇಳಿಸಿಕೊಳ್ಳಬೇಕು.

ನೀವು ಮೂವತ್ತು ವರ್ಷ ಪಾಠ ಹೇಳಿದವರು, ನಿಮ್ಮ ಮಾತಿಗೆ ಊರಿನಲ್ಲಿ ತೂಕವಿದೆ. ನಿಮ್ಮೆದುರು ನಿಂತಿರುವ ಆ ಹುಡುಗರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ ಇದ್ದಾರು. ಅವರನ್ನು ಕರೆದುಕೊಂಡು ಭೂದಾಖಲೆ ಕಚೇರಿಗೆ ಹೋಗಿ, ಗ್ರಾಮನಕ್ಷೆಯ ಪ್ರತಿ ಕೇಳಿ. ಕೆರೆಗೆ ಬರುವ ಕಾಲುವೆಗಳನ್ನು ಅದರಲ್ಲಿ ಗುರುತಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಅವುಗಳ ಜಾಡು ಹಿಡಿದು ನಡೆಯಿರಿ. ವಾಕಿಂಗೂ ಆಯಿತು. ಯಾವ ಕಾಲುವೆ ಯಾರ ಕಾಂಪೌಂಡಿನೊಳಗೆ ಮಾಯವಾಗಿದೆ ಎಂದು ಬರೆದು ನಕ್ಷೆಯ ಜೊತೆ ಕಳಿಸಿ, ಎರಡು ಪುಟ ಕಾದಿಡುತ್ತೇನೆ. ಕಾರಂಜಿಯ ಫೋಟೊ ಬೇಡ.