ಕೆಟ್ಟ ಲಾಕ್‌ಗಿಂತ ಲಾಕ್ ಇಲ್ಲದ ಚಾಕುವೇ ವಾಸಿ

ಬೆಂಗಳೂರಿನ ಬನಶಂಕರಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು. ತಾರಸಿ ಮೇಲೆ ಕೈತೋಟ ಮಾಡಿಕೊಂಡಿದ್ದಾರೆ. ದಾರ ಕತ್ತರಿಸಲು, ಗೊಬ್ಬರದ ಚೀಲ ಬಿಚ್ಚಲು, ಗುಲಾಬಿ ಕಡ್ಡಿ ಸವರಲು ಜೇಬಿನಲ್ಲಿ ಹಿಡಿಯುವ ಒಂದು ಮಡಚುವ ಚಾಕು ಬೇಕಿತ್ತು. ಮೊಬೈಲಿನಲ್ಲಿ ನೋಡಿ, ಹೊರದೇಶದ ಮಾರಾಟಗಾರರೊಬ್ಬರಿಂದ ಎರಡು ಚಾಕು ತರಿಸಿದರು. ಒಂದೊಂದಕ್ಕೆ ಸುಮಾರು 600 ರೂಪಾಯಿ. ಮೊದಲನೆಯದು ಕೈಸೇರಿತು. ಮೂರನೇ ದಿನ ಚೀಲಕ್ಕೆ ಚುಚ್ಚಿದಾಗ, ತೆರೆದ ಅಲಗು ಮಡಚದಂತೆ ಹಿಡಿದಿಡುವ ಲಾಕ್ ಜಾರಿ, ಅಲಗು ಮಡಚಿಕೊಂಡು ತೋರುಬೆರಳನ್ನು ಕುಯ್ದಿತು. ಎರಡನೆಯದು ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕು. ಅದು ಕಸ್ಟಮ್ಸ್‌ನಲ್ಲಿ ನಿಂತಿದೆ, ವಿವರ ಕೇಳಿ ಪತ್ರ ಬಂದಿದೆ. "ಅಗ್ಗದ ಚೀನಾ ಮಾಲು ತರಿಸಿದ್ರೆ ಇನ್ನೇನಾಗುತ್ತೆ" ಅಂತ ಮಗ ಅಂದನಂತೆ. ಆ ಮಾತು ಅವರಿಗೆ ಬೆರಳಿಗಿಂತ ಜಾಸ್ತಿ ನೋವು ಕೊಟ್ಟಿದೆ. ಅಗ್ಗದ ಚಾಕು ಕೊಂಡದ್ದೇ ತಪ್ಪಾ? ಕಸ್ಟಮ್ಸ್‌ಗೆ ಏನು ಬರೆಯಲಿ? ಮೊದಲನೆಯದನ್ನು ಎಸೆಯಲಾ? ಹನ್ನೆರಡು ವರ್ಷದ ಮೊಮ್ಮಗ ತನಗೂ ಒಂದು ಚಾಕು ಬೇಕು ಅನ್ನುತ್ತಿದ್ದಾನೆ, ಕೊಡಬಹುದಾ? ಇವು ಅವರ ಪ್ರಶ್ನೆಗಳು.

ಮೊದಲು ಬೆರಳಿನ ವಿಷಯ. ಮಣ್ಣು, ಗೊಬ್ಬರದ ನಡುವೆ ಆದ ಗಾಯ ಅದು. ಟಿಟಿ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ ಬನ್ನಿ, ಆಮೇಲೆ ಇದನ್ನು ಓದಿ.

ಇದೇ ಗಾಯ ನನಗೂ ಆಗಿತ್ತು. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಒಂದು ಚಾಕು ತರಿಸಿದ್ದೆ. ಪತ್ರಿಕೆಯ ಕಟ್ಟುಗಳ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವಾಗ ಅದು ಮಡಚಿಕೊಂಡಿತು. ಮೂರು ಹೊಲಿಗೆ ಬಿದ್ದವು. ಮಾರಿದವರಿಗೆ ಫೋಟೋ ಕಳಿಸಿ ಬರೆದೆ. ಉತ್ತರ ಬರಲಿಲ್ಲ. ಎರಡು ವಾರ ಬಿಟ್ಟು ನೋಡಿದರೆ ಆ ಅಂಗಡಿಯ ಪುಟವೇ ಇರಲಿಲ್ಲ. ಆಗ ನನ್ನನ್ನು ನಾನೇ ಬೈದುಕೊಂಡೆ, ದುಡ್ಡು ಉಳಿಸಲು ಹೋಗಿ ಹೀಗಾಯಿತು ಅಂತ. ಈಗ ಹಾಗೆ ಅನಿಸುವುದಿಲ್ಲ. ನಿಮ್ಮ ತಪ್ಪು ಅಗ್ಗದ್ದು ಕೊಂಡದ್ದಲ್ಲ. ಅಗ್ಗದ ಚಾಕು ಅಂದರೆ ಅರ್ಧ ಮುಗಿದ ಚಾಕು. ಕೈಗೆ ಬಂದ ಮೇಲೆ ಒಂದಷ್ಟು ಕೆಲಸ ಬಾಕಿ ಇರುತ್ತದೆ, ಅದನ್ನು ಕೊಂಡವರೇ ಮಾಡಬೇಕು. ಬೆಲೆ ಕಡಿಮೆ ಇರುವುದು ಅದಕ್ಕೇ. ಈ ಮಾತನ್ನು ನಿಮಗೂ ನನಗೂ ಯಾರೂ ಹೇಳಿರಲಿಲ್ಲ.

ನಿಮ್ಮ ಮಗ ಅಂದ ಹಾಗೆ "ಚೀನಾ ಮಾಲು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಯಾಂಗ್‌ಜಿಯಾಂಗ್ ಅಂತ ಒಂದು ಊರಿದೆ. ಚಾಕು, ಕತ್ತರಿಗೆ ಹೆಸರಾದ ಊರು. ತುಂಬಾ ಚೆನ್ನಾಗಿರುವ ಚಾಕುಗಳೂ ಅಲ್ಲಿಂದ ಬರುತ್ತವೆ, ನಮ್ಮ ಬೆರಳು ಕುಯ್ದಂಥವೂ ಬರುತ್ತವೆ. ಕೆಲಸ ಬಲ್ಲ ಊರು ಅದು. ಕೊಟ್ಟ ದುಡ್ಡಿಗೆ ತಕ್ಕಷ್ಟು ಹೊತ್ತು ಆ ಚಾಕುವಿನ ಮೇಲೆ ಕೂತಿರುತ್ತಾರೆ, ಅಷ್ಟೇ.

ನಿಮ್ಮ ಚಾಕುವಿನ ಅಲಗಿನ ಮೇಲೆ 8ಸಿಆರ್13ಎಂಒವಿ ಅಂತ ಬರೆದಿದೆ, ಇದೇನು ಕೋಡ್ ಎಂದು ಕೇಳಿದ್ದೀರಿ. ಇದು ಉಕ್ಕಿನ ಜಾತಕ. ಮೊದಲಿನ 8 ಅಂದರೆ ಸುಮಾರು 0.8 ಶೇಕಡಾ ಇಂಗಾಲ. ಸಿಆರ್13 ಅಂದರೆ ಸುಮಾರು 13 ಶೇಕಡಾ ಕ್ರೋಮಿಯಂ. ಆಮೇಲಿನವು ಸ್ವಲ್ಪ ಮಾಲಿಬ್ಡಿನಂ, ಸ್ವಲ್ಪ ವನೇಡಿಯಂ. ಇಂಗಾಲ ಹೆಚ್ಚಿದರೆ ಹರಿತ ಜಾಸ್ತಿ ದಿನ ನಿಲ್ಲುತ್ತದೆ. ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ಇದೇ ಲೆಕ್ಕದಲ್ಲಿ 3ಸಿಆರ್13 ಅಂತ ಇದ್ದರೆ ಇಂಗಾಲ 0.3 ಮಾತ್ರ. ಅದಕ್ಕೆ ತುಕ್ಕು ಬೇಗ ಹಿಡಿಯಲ್ಲ, ಆದರೆ ಬೇಗ ಮೊಂಡಾಗುತ್ತದೆ. ಡಿ2 ಅಂತ ಬರೆದ ಚಾಕುಗಳೂ ಈಗ ತುಂಬಾ ಕಾಣುತ್ತವೆ. ಅದರಲ್ಲಿ ಇಂಗಾಲ 1.5 ಶೇಕಡಾದ ಹತ್ತಿರ, ಕ್ರೋಮಿಯಂ 12ರ ಆಸುಪಾಸು. ಹರಿತ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕಲೆ ಬೀಳುತ್ತದೆ.

ಆದರೆ ಅಲಗಿನ ಮೇಲೆ ಅಕ್ಷರ ಕೆತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ಅಕ್ಷರ ನಿಜವೇ ಆಗಿದ್ದರೂ, ಉಕ್ಕು ಒಳ್ಳೆಯದಾಗುವುದು ಹದದಿಂದ. ಎಷ್ಟು ಕಾಸಿದರು, ಹೇಗೆ ತಣಿಸಿದರು, ಆಮೇಲೆ ಮತ್ತೆ ಎಷ್ಟು ಬಿಸಿ ತೋರಿಸಿದರು ಎಂಬುದರ ಮೇಲೆ ಎಲ್ಲ ನಿಂತಿದೆ. ನಮ್ಮ ಹಳ್ಳಿಯ ಕಮ್ಮಾರರಿಗೆ ಈ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಸರಾಂತ ಸ್ವಿಸ್ ಚಾಕುವನ್ನೇ ನೋಡಿ. ವಿಕ್ಟೋರಿನಾಕ್ಸ್‌ನವರ ಉಕ್ಕು ಸಾಧಾರಣದ್ದು. ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 56ರ ಆಸುಪಾಸು. ದುಬಾರಿ ಚಾಕುಗಳು 60 ದಾಟುತ್ತವೆ. ಆದರೂ ಅವರ ಚಾಕು ತಲೆಮಾರುಗಟ್ಟಲೆ ಬಾಳುತ್ತದೆ, ಏಕೆಂದರೆ ಪ್ರತಿ ಚಾಕುವಿನಲ್ಲೂ ಹದ ಒಂದೇ ಇರುತ್ತದೆ.

ಉಕ್ಕಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ನೀವು ಕಳಿಸಿದ ಚಿತ್ರದಲ್ಲಿ ಮೂರನೇ ಚಾಕು ಒಂದಿದೆ, "ಡಮಾಸ್ಕಸ್", 900 ರೂಪಾಯಿ, ಮುಂದಿನ ತಿಂಗಳು ತರಿಸಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಆ ಬೆಲೆಗೆ ಸಿಗುವುದು ಸಾಮಾನ್ಯ ಅಲಗಿನ ಮೇಲೆ ಲೇಸರ್‌ನಲ್ಲಿ ಬರೆದ ಅಲೆಅಲೆ ಚಿತ್ತಾರ. ನಾಲ್ಕು ಸಲ ಸಾಣೆ ಹಿಡಿದರೆ ಅಂಚಿನ ಹತ್ತಿರ ಚಿತ್ತಾರ ಮಾಯವಾಗುತ್ತದೆ. ಅಲೆಅಲೆ ಚಿತ್ತಾರಕ್ಕೆ ಹೆಸರಾದ ಹಳೆಯ ಕಾಲದ ಡಮಾಸ್ಕಸ್ ಕತ್ತಿಗಳಿಗೆ ಉಕ್ಕು ದಕ್ಷಿಣ ಭಾರತದಿಂದಲೂ ಹೋಗುತ್ತಿತ್ತು. ಇಂಗ್ಲಿಷರು ಅದನ್ನು ವೂಟ್ಜ್ ಎಂದು ಕರೆದರು. ಆ ಮಾತು ನಮ್ಮ 'ಉಕ್ಕು' ಎಂಬ ಪದದಿಂದಲೇ ಹುಟ್ಟಿದ್ದು ಎನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಉಕ್ಕು ಕರಗಿಸುತ್ತಿದ್ದ ಮೂಸೆಗಳ ಚೂರು ಸಿಕ್ಕಿವೆ. ಅಲ್ಲಿ ಚಿತ್ತಾರ ಉಕ್ಕಿನ ಒಳಗಿಂದಲೇ ಬರುತ್ತಿತ್ತು. ಇಂಥ ನಾಡಿನವರಾದ ನಾವು ಮೇಲೆ ಬರೆದ ಗೀರಿಗೆ ದುಡ್ಡು ಕೊಡುವುದು ನನಗೆ ನಿಜವಾಗಿ ಸಂಕಟ ತರುತ್ತದೆ.

ಈಗ ಲಾಕ್. ನನ್ನ ಲೆಕ್ಕದಲ್ಲಿ ಉಕ್ಕಿಗಿಂತ ಇದೇ ದೊಡ್ಡ ವಿಷಯ. ಮೊಂಡು ಚಾಕು ಕೆಲಸ ಕೆಡಿಸುತ್ತದೆ, ಜಾರುವ ಲಾಕ್ ಬೆರಳು ತೆಗೆಯುತ್ತದೆ.

ಸ್ವಿಸ್ ಸೇನೆಯ ಅಧಿಕಾರಿಗಳಿಗೆಂದು ವಿಕ್ಟೋರಿನಾಕ್ಸ್ ಸ್ಥಾಪಕ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಚಾಕುವಿಗೆ ಲಾಕ್ ಇರಲಿಲ್ಲ. ಆ ಸಾಲಿನ ಜೇಬಿನ ಚಾಕುಗಳಿಗೆ ಇವತ್ತಿಗೂ ಬಹುಪಾಲು ಇಲ್ಲ. ಒಳಗೊಂದು ಬಿಗಿ ಸ್ಪ್ರಿಂಗ್ ಪಟ್ಟಿ ಅಲಗನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಬಳಸುವವರಿಗೆ ಅದು ಮಡಚಿಕೊಳ್ಳಬಹುದು ಅಂತ ಗೊತ್ತಿರುತ್ತದೆ. ಹಾಗಾಗಿ ಕೈ ತಾನೇ ಎಚ್ಚರವಾಗಿರುತ್ತದೆ, ಯಾರೂ ಅದರಿಂದ ಜೋರಾಗಿ ಚುಚ್ಚುವುದಿಲ್ಲ. ಲಾಕ್ ಇರುವ ಚಾಕು ಕೈಗೆ ಧೈರ್ಯ ಕೊಡುತ್ತದೆ. ನೀವು ಚೀಲಕ್ಕೆ ಚುಚ್ಚಿದ್ದು ಆ ಧೈರ್ಯದಿಂದಲೇ ಅಲ್ವಾ? ಆ ಧೈರ್ಯ ಸುಳ್ಳಾದಾಗ ಗಾಯ ಆಳವಾಗಿ ಆಗುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ, ಅದಕ್ಕೆ ತಿರುಗಿಸುವ ಉಂಗುರ ಬಂದದ್ದು 1955ರಲ್ಲಿ. ಉಂಗುರ ತಿರುಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನನಗೆ ಆ ಸರಳತನ ಇಷ್ಟ.

ನಿಮ್ಮದು ಲೈನರ್ ಲಾಕ್. ಹಿಡಿಯ ಒಳಗಿನ ತೆಳು ತಗಡು ಪಕ್ಕಕ್ಕೆ ಬಂದು ಅಲಗಿನ ಬುಡಕ್ಕೆ ಆತು ನಿಲ್ಲುವ ಬಗೆ. ಅದನ್ನು ಎಸೆಯುವ ಮುಂಚೆ ಒಂದು ಸಲ ನೋಡಿ. ಅಲಗು ತೆರೆದಾಗ ಆ ತಗಡು ಬುಡದ ಮೇಲೆ ಎಷ್ಟು ದೂರ ಬಂದು ಕೂತಿದೆ? ಅಂಚಿಗೆ ಸುಮ್ನೆ ತಾಗಿದಂತೆ ಇದ್ದರೆ ಅದು ಜಾರುತ್ತದೆ. ಬುಡದ ದಪ್ಪದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕೂತಿದ್ದರೆ ಸರಿ. ಇನ್ನೊಂದು ಕಾರಣ ಎಣ್ಣೆ. ಅಗ್ಗದ ಚಾಕುಗಳು ಕೆಲವೊಮ್ಮೆ ಗ್ರೀಸ್ ಮೆತ್ತಿಕೊಂಡೇ ಬರುತ್ತವೆ. ತಗಡು ಆತು ನಿಲ್ಲುವ ಜಾಗದಲ್ಲಿ ಗ್ರೀಸ್ ಇದ್ದರೆ ಜಾರದೆ ಇನ್ನೇನು? ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಲಗು ತಿರುಗುವ ಕೀಲಿಗೆ ಮಾತ್ರ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೀಲಿನ ತಿರುಪು ಸಡಿಲವಾಗಿದ್ದರೆ ಬಿಗಿ ಮಾಡಿ. ನಕ್ಷತ್ರದ ಆಕಾರದ ತಲೆ ಅದರದು, ಸಾಮಾನ್ಯವಾಗಿ ಟಿ6 ಅಥವಾ ಟಿ8 ಬಿಟ್ ಬೇಕು, ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಆಮೇಲೆ ಪರೀಕ್ಷೆ. ದಪ್ಪ ಗ್ಲೌಸ್ ಹಾಕಿ. ಹಿಡಿಯನ್ನು ಎರಡೂ ಪಕ್ಕದಿಂದ ಮಾತ್ರ ಹಿಡಿಯಿರಿ, ಅಲಗು ಮಡಚಿ ಬರುವ ದಾರಿಯಲ್ಲಿ ಒಂದು ಬೆರಳೂ ಇರಬಾರದು. ಅಲಗಿನ ಬೆನ್ನನ್ನು ಮರದ ಮಣೆಯ ಮೇಲೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಒಂದೇ ಒಂದು ಸಲ ಜಾರಿದರೂ ಆ ಚಾಕುವಿನ ಕೆಲಸ ಮುಗಿಯಿತು. ತಿರುಪು ಬಿಚ್ಚಿ, ಬಿಡಿ ಮಾಡಿ ಗುಜರಿಗೆ ಹಾಕಿ. ಇನ್ನೊಬ್ಬರಿಗೆ ಕೊಡಬೇಡಿ.

ಜಾರಲಿಲ್ಲ ಅಂದರೆ ಸಾಣೆ ಹಿಡಿಯಿರಿ. ಕಾರ್ಖಾನೆಯಲ್ಲಿ ಓಡುವ ಪಟ್ಟಿಯ ಮೇಲೆ ಅವಸರದಲ್ಲಿ ತೀಡಿದ ಅಂಚು ಎರಡೂ ಕಡೆ ಒಂದೇ ಸಮ ಇರುವುದು ಅಪರೂಪ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು. ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ತೀಡಿ ನೋಡಿ. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ. ಅಲಗನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಬಾಗಿಸಿ, ಮತ್ತೆ ಅದರ ಅರ್ಧ ಬಾಗಿಸಿ. ಸುಮಾರು ಆ ಕೋನವೇ ಬೇಕಾದದ್ದು. ಕೊನೆಗೆ ಅಂಚಿನಲ್ಲಿ ಸಿಬಿರಿನಂಥದ್ದು ಕೈಗೆ ತಾಗುತ್ತದೆ. ನುಣುಪು ಮುಖದ ಮೇಲೆ ಹಗುರವಾಗಿ ತೀಡಿ ಅದನ್ನು ತೆಗೆಯಬೇಕು. ಮನೆ ಮುಂದೆ ಸೈಕಲ್ಲಿನಲ್ಲಿ ಬರುವ ಸಾಣೆಯವರಿಗೆ ಅಡುಗೆಮನೆ ಚಾಕು, ಈಳಿಗೆ ಮಣೆ ಖಂಡಿತ ಕೊಡಿ. ಅವರ ಕೆಲಸ ಈ ಊರಲ್ಲಿ ಉಳಿಯಬೇಕು. ಈ ತೆಳು ಅಲಗನ್ನು ಮಾತ್ರ ಕೈಯಲ್ಲೇ ಮಾಡಿ. ಓಡುವ ಚಕ್ರದ ಬಿಸಿಗೆ ಅಂಚು ನೀಲಿಯಾದರೆ ಹದ ಹೋಯಿತು ಎಂದೇ ಅರ್ಥ.

ಇನ್ನು ಕಸ್ಟಮ್ಸ್. ಮಾರಾಟಗಾರರು ಪೊಟ್ಟಣದ ಮೇಲೆ "ಗಿಫ್ಟ್, ಅಡುಗೆ ಸಾಮಾನು, 2 ಡಾಲರ್" ಅಂತ ಬರೆದಿದ್ದಾರೆ, ನನಗೆ ಸುಂಕ ಉಳಿಸಲು ಹಾಗೆ ಮಾಡಿದರು ಎನ್ನುತ್ತೀರಿ. ಅದು ಉಪಕಾರವಲ್ಲ. 5,000 ರೂಪಾಯಿಯೊಳಗಿನ ಉಡುಗೊರೆ ಎಂದರೆ ಸುಂಕವಿಲ್ಲದೆ ಬಿಡುತ್ತಿದ್ದ ಕಾಲ ಇತ್ತು. 2019ರ ಡಿಸೆಂಬರ್‌ನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ವಿನಾಯಿತಿ. ಈಗ 'ಗಿಫ್ಟ್' ಎಂಬ ಮಾತು ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ಸುಳ್ಳು ಬೆಲೆ, ಸುಳ್ಳು ಹೆಸರು ಹಾಕಿದ ಮಾಲನ್ನು 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು ಹಾಕಬಹುದು. ಸಮುದ್ರದಾಚೆ ಇರುವವರನ್ನು ಯಾರೂ ಕೇಳುವುದಿಲ್ಲ. ವಿಳಾಸ ನಿಮ್ಮದು, ಉತ್ತರ ಹೇಳಬೇಕಾದವರು ನೀವು. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೊಟ್ಟ ದುಡ್ಡು, ಪಾವತಿಯ ರಸೀದಿ, ಆರ್ಡರ್ ಮಾಡಿದ ಪುಟದ ಚಿತ್ರ, ಯಾಕೆ ತರಿಸಿದಿರಿ ಎಂಬುದು. ಇಷ್ಟನ್ನು ಕೊಡಿ.

ಆ ಚಾಕು ಬಿಡುಗಡೆ ಮಾಡಿ ಎಂದು ಒತ್ತಾಯಿಸಲು ಮಾತ್ರ ಹೋಗಬೇಡಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತು ಬರುತ್ತದೆ. ಮನೆ, ಬೇಸಾಯ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮ ಮೂರು ಇಂಚಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಅಧಿಕಾರಿಗಳು ಬೇರೆ ಕಣ್ಣಿನಿಂದ ನೋಡುತ್ತಾರೆ. ದೆಹಲಿಯಲ್ಲಂತೂ 1980ರ ಅಧಿಸೂಚನೆಯೊಂದು ಇಂಥ ಚಾಕುಗಳ ಮೇಲೇ ಇದೆ. ಗುಲಾಬಿ ಕಡ್ಡಿ ಸವರಲು ಅಲಗು ಚಿಮ್ಮಬೇಕಾಗಿಲ್ಲ. 600 ರೂಪಾಯಿ ಹೋಯಿತು ಅಂದುಕೊಳ್ಳಿ.

ಮೊದಲ ಚಾಕು ಉಳಿದರೂ ತಾರಸಿಯ ಪೆಟ್ಟಿಗೆಯಲ್ಲೇ ಇರಲಿ. ಮೆಟ್ರೋ ಸ್ಟೇಷನ್ನಿನ ಸ್ಕ್ಯಾನರ್‌ನಲ್ಲಿ ಸಿಕ್ಕಿಬಿದ್ದು ಕೆಲಸಕ್ಕೆ ಅಡ್ಡಿ ಮಾಡಿಕೊಳ್ಳಬೇಡಿ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ. ಊರಲ್ಲಿ ನಿಷೇಧಾಜ್ಞೆ ಇರುವ ದಿನಗಳಲ್ಲಂತೂ ಜೇಬಿನಲ್ಲಿ ಬೇಡವೇ ಬೇಡ.

ಇನ್ನೊಂದು ಕೊಳ್ಳುವುದಾದರೆ ಅವೆನ್ಯೂ ರಸ್ತೆ, ಕೆ.ಆರ್. ಮಾರ್ಕೆಟ್ ಕಡೆ ಒಂದು ಬೆಳಗ್ಗೆ ಹೋಗಿ ಬನ್ನಿ. ಕೈಗೆ ತೆಗೆದುಕೊಂಡು, ತೆರೆದು, ಮಡಚಿ, ಅಲಗು ಅಲ್ಲಾಡುತ್ತಾ ನೋಡಿ ಕೊಳ್ಳಿ. ನೂರಿನ್ನೂರು ಜಾಸ್ತಿಯಾದರೂ ಆಗಲಿ. ಅಂಗಡಿಯವರು ನಾಳೆಯೂ ಅಲ್ಲೇ ಇರುತ್ತಾರೆ. ಹೊರದೇಶದಿಂದಲೇ ತರಿಸಬೇಕು ಅಂದರೆ ಲಾಕ್ ಇಲ್ಲದ, ಗುಂಡಿ ಇಲ್ಲದ, ಚಿತ್ತಾರ ಇಲ್ಲದ ಸಾದಾ ಚಾಕು ತರಿಸಿ. ದೊಡ್ಡ ಕಂಪನಿಯ ಹೆಸರು, ಚಿಲ್ಲರೆ ಬೆಲೆ ಎರಡೂ ಒಟ್ಟಿಗೆ ಕಂಡರೆ ಅದು ನಕಲಿ. ನಕಲಿ ಬ್ರ್ಯಾಂಡಿನ ಮಾಲನ್ನೂ ಕಸ್ಟಮ್ಸ್ ತಡೆಯುತ್ತದೆ.

ಮೊಮ್ಮಗನಿಗೆ ಕೊಡಿ. ಕೇಳುವ ವಯಸ್ಸು ಅದು, ಬೇಡ ಅಂದರೆ ಕದ್ದು ಕಲಿಯುತ್ತಾನೆ. ಆದರೆ ಈ ಎರಡರಲ್ಲಿ ಯಾವುದೂ ಬೇಡ. ಲಾಕ್ ಇಲ್ಲದ ಸಣ್ಣ ಚಾಕು, ಎರಡು ಇಂಚಿನ ಅಲಗು. ಮೊದಲು ಬಟ್ಟೆ ಸೋಪಿನ ಒಂದು ಕಟ್ಟಿ ಕೊಟ್ಟು ಮೀನೋ ಆನೆಯೋ ಕೆತ್ತಲು ಹೇಳಿ. ಸೋಪು ಮೆತ್ತಗಿರುತ್ತದೆ, ಬಲ ಹಾಕಬೇಕಿಲ್ಲ. ತನ್ನಿಂದ ಆಚೆಗೆ ಕತ್ತರಿಸುವುದು, ಮಡಚುವಾಗ ಬೆರಳು ಹಿಂದೆ ಇಡುವುದು ಕೈಗೆ ಅಭ್ಯಾಸವಾಗುತ್ತದೆ. ಆಮೇಲೆ ಮರ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದ ತುಂಡು ಸಿಕ್ಕಿದರೆ ಒಳ್ಳೆಯದು, ಮೃದುವಾದ ಮರ ಅದು. ಮೊದಲ ಒಂದು ತಿಂಗಳು ನೀವು ಪಕ್ಕದಲ್ಲಿ ಕೂತಿದ್ದಾಗ ಮಾತ್ರ ಚಾಕು ಅವನ ಕೈಗೆ ಬರಲಿ. ನಿಮ್ಮ ಬೆರಳು ಪೂರ್ತಿ ವಾಸಿಯಾದ ಮೇಲೆ ಶುರು ಮಾಡಿ. ಗಾಯದ ಗುರುತನ್ನು ಅವನಿಗೆ ತೋರಿಸಿ, ಹೇಗಾಯಿತು ಅಂತಲೂ ಹೇಳಿ.

— ಸಂಪಾದಕ