ಆ ಹಳೆಯ ವಾಷಿಂಗ್ ಮೆಷಿನ್ ಇರಲಿ ಬಿಡು

ತಮ್ಮಾ, ಅಕ್ಕ ಎಂದು ಕರೆದು ಬರೆದಿದ್ದೀಯ, ಅದರಲ್ಲೂ ನಮ್ಮ ದಾವಣಗೆರೆಯ ನಿಟ್ಟುವಳ್ಳಿಯವನು. ಹಾಗಾಗಿ ಏಕವಚನದಲ್ಲೇ ಉತ್ತರಿಸುತ್ತೇನೆ. ಮುಂದಿನ ತಿಂಗಳು ಹೆಂಡತಿ, ಮಗುವನ್ನು ಕರೆದುಕೊಂಡು ಅಮೆರಿಕದ ಅಯೋವಾ ರಾಜ್ಯದ ಡೆ ಮೊಯಿನ್‌ಗೆ ಬರುತ್ತಿದ್ದೀಯ. ನೋಡಿಟ್ಟಿರುವ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ದಾಟಿದ ಮೇಟ್ಯಾಗ್ ವಾಷಿಂಗ್ ಮೆಷಿನ್ ಮತ್ತು ಡ್ರೈಯರ್ ಇವೆ. ಅವನ್ನು ನಂಬಬಹುದೇ, ಊರಿನಿಂದ ತರುವ ಬಟ್ಟೆಗಳು ಅದರಲ್ಲಿ ಉಳಿಯುತ್ತವೆಯೇ ಎಂದು ಕೇಳಿದ್ದೀಯ. ಜೊತೆಗೆ ಚಳಿ, ಮಿಕ್ಸಿ, ಶಾಲೆ.

ಚಳಿಗೆ ಬೇಕಾದ ಕೋಟನ್ನು ಇಲ್ಲಿಯೇ ಕೊಳ್ಳು. ನಮ್ಮ ಕಡೆಯ ಸ್ವೆಟರ್ ಇಲ್ಲಿನ ಜನವರಿಗೆ ಯಾತಕ್ಕೂ ಸಾಲದು. ಮಿಕ್ಸಿ ತರಬೇಡ, ನಮ್ಮ ಮನೆಗಳದು 230 ವೋಲ್ಟ್, ಇಲ್ಲಿಯದು 120. ಶಾಲೆಯ ವಿಷಯ ಬಂದ ಮೇಲೆ ಮಾತನಾಡೋಣ, ಮಕ್ಕಳು ನಮಗಿಂತ ಬೇಗ ಹೊಂದಿಕೊಳ್ಳುತ್ತಾರೆ.

ಇನ್ನು ಮೆಷಿನ್. ನೀನು ಬರುತ್ತಿರುವುದು ಅದರ ತವರಿಗೇ. ಡೆ ಮೊಯಿನ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಗಂಟೆಯೊಳಗೆ ನ್ಯೂಟನ್ ಎಂಬ ಊರು ಸಿಗುತ್ತದೆ. 1893ರಲ್ಲಿ ಅಲ್ಲಿ ಹೊಲದ ಉಪಕರಣ ಮಾಡಲು ಶುರುವಾದ ಮೇಟ್ಯಾಗ್ ಕಂಪನಿ 1907ರಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಕೈ ಹಾಕಿತು. ಎರಡು ರೋಲರ್‌ಗಳ ನಡುವೆ ಬಟ್ಟೆ ತೂರಿಸಿ ಹಿಂಡುವ ಹಳೆಯ ಮಾದರಿಯನ್ನು 1983ರವರೆಗೂ ತಯಾರಿಸುತ್ತಿತ್ತು. 2006ರಲ್ಲಿ ವರ್ಲ್‌ಪೂಲ್ ಆ ಕಂಪನಿಯನ್ನು ಕೊಂಡುಕೊಂಡಿತು, ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ನೀನು ನೋಡಿರುವುದು ಅದಕ್ಕೆ ಮೊದಲಿನ ಮಾಲು. ಬಿಸಾಡಿಸಿ ಹೊಸದು ಹಾಕಿಸು ಎಂದು ಮಾಲೀಕನನ್ನು ಕೇಳಬೇಡ.

ಆದರೆ ಅದಕ್ಕೆ ಅದರದೇ ಹಟಗಳಿವೆ. 1998ರ ಜನವರಿಯಲ್ಲಿ ಬಂದಿಳಿದ ನಾನು ಅಂಥದೇ ಒಂದರ ಮುಂದೆ ನಿಂತು, ಗುಂಡಿಯನ್ನು ತಿರುಗಿಸಿ ತಿರುಗಿಸಿ ಸೋತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದು ಗುಂಡಿಯನ್ನು ಹೊರಕ್ಕೆ ಎಳೆದಳು, ನೀರು ಬಿತ್ತು. ತಿರುಗಿಸುವಾಗ ಒಳಕ್ಕೆ ಒತ್ತಿರಬೇಕು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಿಸಬೇಕು, ಹೊರಕ್ಕೆ ಎಳೆದರೆ ಚಾಲೂ. ಹಿಂದಕ್ಕೆ ತಿರುಗಿಸಿದರೆ ಒಳಗಿನ ಟೈಮರ್ ಹಾಳಾಗುತ್ತದೆ. ನೀರು ಹಿಂಡುವಾಗ ಮುಚ್ಚಳ ತೆಗೆದರೆ ಯಂತ್ರ ನಿಲ್ಲುತ್ತದೆ, ಕೆಟ್ಟಿತೆಂದು ಗಾಬರಿಯಾಗಬೇಡ. ದಪ್ಪ ರಗ್ಗು ಒಂದೇ ಬದಿಗೆ ಗುಡ್ಡೆಯಾದರೆ ತೊಟ್ಟಿ ಕುಣಿದು ತಾನೇ ನಿಲ್ಲುತ್ತದೆ. ಬಟ್ಟೆ ಹರವಿ ಮತ್ತೆ ಶುರು ಮಾಡು. ನೀರು ಕಾಯಿಸುವ ಕಾಯಿಲ್ ಇದರೊಳಗೆ ಇಲ್ಲ, ಸ್ನಾನದ ಹಂಡೆಯಿಂದಲೇ ಬಿಸಿನೀರು ಬರುತ್ತದೆ. ಹಾಗಾಗಿ ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಬಟ್ಟೆ ಹಾಕಬೇಡ, ಇದು ಸಂಸಾರದ ಮಾತು.

ನೀರು ಮಾತ್ರ ಸಿಕ್ಕಾಪಟ್ಟೆ ಕುಡಿಯುತ್ತದೆ, ಒಂದು ಸಲಕ್ಕೆ ನೂರೈವತ್ತು ಲೀಟರಿನ ಆಸುಪಾಸು. ಕುಂದವಾಡ ಕೆರೆಯ ಮಟ್ಟ ನೋಡಿಕೊಂಡು ಕೊಡ ತುಂಬಿಸಿಟ್ಟ ಮನೆಯವರಿಗೆ ಇದನ್ನು ನೋಡಲಾಗುವುದಿಲ್ಲ. ಹಿಂದೆ ಕೆಲವು ಮೆಷಿನ್‌ಗಳು ಮೊದಲ ಸಲದ ಸೋಪಿನ ನೀರನ್ನು ಪಕ್ಕದ ತೊಟ್ಟಿಯಲ್ಲಿ ಹಿಡಿದಿಟ್ಟು ಮುಂದಿನ ಸಲಕ್ಕೆ ವಾಪಸು ಎಳೆದುಕೊಳ್ಳುತ್ತಿದ್ದವಂತೆ. ನಮ್ಮ ಅಮ್ಮಂದಿರೇ ಕಂಡುಹಿಡಿದಿರಬೇಕು.

ಡ್ರೈಯರ್ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಅದರ ಆಟೋ ಗುಂಡಿ ಎಷ್ಟೋ ಹೊತ್ತು ಒಂದೇ ಕಡೆ ನಿಂತಿರುತ್ತದೆ. ಬಟ್ಟೆ ಒದ್ದೆ ಇರುವವರೆಗೆ ಒಳಗಿನ ಬಿಸಿ ಏರುವುದಿಲ್ಲ. ಒಣಗುತ್ತ ಬಂದಂತೆ ಬಿಸಿ ಏರಿ ಥರ್ಮೋಸ್ಟಾಟ್ ಕಾಯಿಲನ್ನು ಆರಿಸುತ್ತದೆ, ಆಗಷ್ಟೇ ಗುಂಡಿ ಮುಂದೆ ಸರಿಯುತ್ತದೆ. ಮನೆಯ ಉಳಿದ ಸಾಕೆಟ್ಟುಗಳದು 120 ಆದರೂ ಕರೆಂಟಿನ ಡ್ರೈಯರ್‌ಗೆ 240 ವೋಲ್ಟ್ ಬೇಕು. 1996ಕ್ಕಿಂತ ಹಿಂದಿನ ಮನೆಗಳಲ್ಲಿ ಸಾಮಾನ್ಯವಾಗಿ ಅದರ ಸಾಕೆಟ್ ಮೂರು ತೂತಿನದು, ಆಮೇಲಿನವುಗಳಲ್ಲಿ ನಾಲ್ಕು. ವೈರ್ ಬದಲಿಸುವುದಿದ್ದರೆ ಎಲೆಕ್ಟ್ರಿಷಿಯನ್‌ನನ್ನೇ ಕರೆಸು, ಒಳಗೆ ಅರ್ಥಿಂಗ್ ಜೋಡಣೆಯೂ ಬದಲಾಗಬೇಕಾಗುತ್ತದೆ.

ಪ್ರತಿ ಸಲವೂ ಜಾಲರಿಯನ್ನು ಎಳೆದು ಅಲ್ಲಿ ಕಟ್ಟಿಕೊಂಡ ಜುಂಗನ್ನು ತೆಗೆ. ಇದರಲ್ಲಿ ಸೋಮಾರಿತನ ಬೇಡ, ಈ ದೇಶದಲ್ಲಿ ಡ್ರೈಯರ್‌ನಿಂದ ಮನೆಗೆ ಬೆಂಕಿ ಬೀಳುವುದಕ್ಕೆ ಮೊದಲ ಕಾರಣವೇ ಅದು. ಆ ಜುಂಗು ಏನೆಂದು ನನಗೆ ಹೇಳಿಕೊಟ್ಟವರು ಅಪ್ಪಾಜಿ. ಅವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರಗಳ ವಿಭಾಗದ ಫಿಟ್ಟರ್. ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೂ ಅರಳೆ ಇರುತ್ತಿತ್ತು. ಒಂದು ಬೇಸಿಗೆ ಇಲ್ಲಿಗೆ ಬಂದಾಗ ಜಾಲರಿಯ ಜುಂಗನ್ನು ಕೈಗೆತ್ತಿಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದು ನೋಡಿದರು. "ಎಳೆ ಗಿಡ್ಡ, ನೂಲಾಗುವುದಿಲ್ಲ. ನಿನ್ನ ಗಂಡನ ಅಂಗಿ ಉದುರುತ್ತಿದೆ" ಎಂದರು. ತಮ್ಮ ಪಂಚೆಯನ್ನು ಅದರೊಳಗೆ ಹಾಕಲು ಕೊನೆಯವರೆಗೂ ಬಿಡಲಿಲ್ಲ.

ಅದೇ ಬೇಸಿಗೆಯಲ್ಲಿ ಡ್ರೈಯರ್ ಕಿರ್ರೆನ್ನತೊಡಗಿತು. ಅಪ್ಪಾಜಿ ತಗಡಿಗೆ ಕಿವಿಯಿಟ್ಟು ಕೇಳಿ, ಬೆಲ್ಟನ್ನು ಬಿಗಿ ಹಿಡಿಯುವ ಗಾಲಿ ಸವೆದಿದೆ, ಒಂದು ಸ್ಕ್ರೂಡ್ರೈವರ್ ಮತ್ತು ಪಾನಾ ಕೊಡು, ಬಿಚ್ಚುತ್ತೇನೆ ಎಂದರು. ನಾನು ಕೊಡಲಿಲ್ಲ. ಬಾಡಿಗೆ ಮನೆಯ ಸಾಮಾನು, ಏನಾದರೂ ಆದರೆ ಇನ್ಶೂರೆನ್ಸ್ ಇಲ್ಲ, ಇದು ನಮ್ಮ ಗಿರಣಿಯಲ್ಲ ಎಂದೆಲ್ಲ ಹೇಳಿದೆ. ರಿಪೇರಿಯವನು ಬಂದ. ಅಪ್ಪಾಜಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತರು. ಅವನು ಬದಲಿಸಿದ್ದು ಅದೇ ಗಾಲಿಯನ್ನು. ಸವೆದದ್ದನ್ನು ಅಪ್ಪಾಜಿ ಅವನಿಂದ ಕೇಳಿ ಪಡೆದು, ಬಟ್ಟೆಯಲ್ಲಿ ಒರೆಸಿ, ಬೆರಳಲ್ಲಿ ತಿರುಗಿಸಿ ನೋಡಿದರು. ನನಗೆ ಒಂದು ಮಾತೂ ಹೇಳಲಿಲ್ಲ. ಊರಿನ ಗಿರಣಿ ಮುಚ್ಚಿದ ಮೇಲೆ ಆ ಕೈಗಳಿಗೆ ಕೆಲಸ ಕೊಡುವವರೇ ಇರಲಿಲ್ಲ, ನನ್ನ ನೆಲಮಾಳಿಗೆಯಲ್ಲಿ ಒಂದು ಸಿಕ್ಕಿತ್ತು. ಮುಂದಿನ ಸಲ ಬಂದಾಗ ಬಿಚ್ಚುವಿರಂತೆ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿದೆ. ಮತ್ತೆ ಬರಲು ಅವರಿಗೆ ಆಗಲಿಲ್ಲ. ರಿಪೇರಿಗೆ ಕೊಟ್ಟ ಡಾಲರ್ ಎಷ್ಟೆಂಬುದು ಮರೆತಿದೆ, ಇದು ಮರೆಯುವುದಿಲ್ಲ. ನಿಮ್ಮ ತಂದೆ ಬಂದು ಏನಾದರೂ ಬಿಚ್ಚುತ್ತೇನೆ ಎಂದರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಸ್ಕ್ರೂಡ್ರೈವರ್ ಕೊಡು.

ಬಟ್ಟೆಯ ವಿಷಯ. ಖಾದಿ, ಕೈಮಗ್ಗದ್ದು, ಹೆಂಡತಿಯ ಮೊಳಕಾಲ್ಮೂರು ಸೀರೆ ಡ್ರೈಯರ್‌ನ ಹತ್ತಿರವೂ ಹೋಗಬಾರದು. ಚಳ್ಳಕೆರೆಯ ಕಂಬಳಿ ತರುವುದಾದರೆ ಮೆಷಿನ್‌ಗೂ ಬೇಡ: ಬಿಸಿನೀರು, ತಿಕ್ಕಾಟ ಸೇರಿದರೆ ಉಣ್ಣೆಯ ಎಳೆಗಳ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹತ್ತಿಯದನ್ನು ನೆಲಮಾಳಿಗೆಯಲ್ಲೇ ಹಗ್ಗ ಕಟ್ಟಿ ಹರವು. ಚಳಿಗಾಲದಲ್ಲಿ ಹೀಟರ್ ಉರಿಯುವುದರಿಂದ ಮನೆಯೊಳಗಿನ ಗಾಳಿ ಒಣಗಿರುತ್ತದೆ, ಬೇಗ ಆರುತ್ತದೆ. ಹೊರಗೆ ಹಗ್ಗ ಕಟ್ಟಬಹುದೇ ಎಂಬುದನ್ನು ಕರಾರಿನಲ್ಲಿ ನೋಡಿಕೋ, ಎಷ್ಟೋ ಬಡಾವಣೆಗಳಲ್ಲಿ ಬಿಡುವುದಿಲ್ಲ.

ಸಹಿ ಹಾಕುವ ಮುನ್ನ ಮಾಲೀಕನಿಗೆ ಎರಡು ಪ್ರಶ್ನೆ ಕೇಳು: ಮೆಷಿನ್ ಕೆಟ್ಟರೆ ರಿಪೇರಿ ಯಾರ ಖರ್ಚು, ಡ್ರೈಯರ್‌ನ ಬಿಸಿಗಾಳಿ ಹೊರಹಾಕುವ ಕೊಳವೆ ಯಾವುದರದು. ನಮ್ಮೂರಿನಂತೆ ಬಾಯಿಮಾತಿಗೆ ಒಪ್ಪಬೇಡ, ಉತ್ತರ ಇಮೇಲ್‌ನಲ್ಲಿ ಬರಲಿ. ಕೊಳವೆ ಬಿಳಿ ಪ್ಲಾಸ್ಟಿಕ್ಕಿನದಾಗಿದ್ದರೆ ತಗಡಿನದು ಹಾಕಿಸಬೇಕು. ಅವನು ಹಾಕಿಸದಿದ್ದರೆ ತಿಳಿಸು, ಭಾನುವಾರ ಪಾನಾ ತೆಗೆದುಕೊಂಡು ನಾನೇ ಬರುತ್ತೇನೆ.