ಬೆಂಗಳೂರು ಕೈ ಬದಲಾದ ವರ್ಷ

ಪ್ರಶ್ನೆ: ಚಿಕ್ಕದೇವರಾಜ ಒಡೆಯರು ಬೆಂಗಳೂರನ್ನು ಮೂರು ಲಕ್ಷ ಕೊಟ್ಟು ಕೊಂಡರಂತೆ, ನಿಜವಾ? ಅದೇ 1687ರಲ್ಲಿ ಬೇರೆ ಕಡೆ ಏನೇನು ನಡೆದಿತ್ತು?

ಉತ್ತರ: ನಿಜ. ಊರು ಆಗ ಶಿವಾಜಿಯ ಮಲತಮ್ಮ ಏಕೋಜಿಯದು. ಅವನಿದ್ದದ್ದು ತಂಜಾವೂರಿನಲ್ಲಿ. ಅಷ್ಟು ದೂರದಿಂದ ಕಾಪಾಡಿಕೊಳ್ಳುವುದು ಕಷ್ಟ ಅಂತ ಮೈಸೂರಿಗೆ ಮಾರಲು ಹೊರಟಿದ್ದ. ವ್ಯಾಪಾರ ಕುದುರುವಷ್ಟರಲ್ಲಿ, ಜುಲೈ ತಿಂಗಳಲ್ಲಿ, ಔರಂಗಜೇಬನ ಸರದಾರ ಕಾಸಿಂ ಖಾನ್ ಬಂದು ಕೋಟೆ ಹಿಡಿದ. ಕೊನೆಗೆ ಅದೇ ಮೂರು ಲಕ್ಷ ಕೊಟ್ಟು ಒಡೆಯರು ಊರನ್ನು ಮೊಘಲರಿಂದ ಪಡೆದುಕೊಂಡರು.

ಹಿಂದಿನ ವರ್ಷವಷ್ಟೇ ಬಿಜಾಪುರ ಬಿದ್ದಿತ್ತು. ಈಗ ಔರಂಗಜೇಬ ಗೋಲ್ಕೊಂಡದ ಮುಂದೆ ಕೂತಿದ್ದ. ಸುಮಾರು ಎಂಟು ತಿಂಗಳ ಮುತ್ತಿಗೆ. ಮಳೆ, ನೆರೆ, ಹಸಿವು. ಗೋಡೆ ಉರುಳಿಸಲು ಮೊಘಲರು ಸುರಂಗ ತೋಡಿ ಮದ್ದು ತುಂಬಿದರೆ, ಅದು ಅವರ ಕಡೆಗೇ ಸಿಡಿದು ಅವರ ಸೈನಿಕರೇ ಸತ್ತರು. ಕೊನೆಗೆ ಕೋಟೆ ಬಿದ್ದದ್ದು ಮದ್ದಿನಿಂದಲ್ಲ, ಲಂಚದಿಂದ. ಒಳಗಿನವನೊಬ್ಬ ರಾತ್ರಿ ಬಾಗಿಲು ತೆಗೆದ. ಆಗಲೂ ಅಬ್ದುರ್ ರಜಾಕ್ ಲಾರಿ ಎಂಬ ಸರದಾರ ಮೈತುಂಬ ಗಾಯವಾಗಿ ಬೀಳುವ ತನಕ ಹೋರಾಡಿದ. ಸುಲ್ತಾನ ಅಬುಲ್ ಹಸನ್ ತಾನಾ ಶಾ ದೌಲತಾಬಾದಿನ ಸೆರೆ ಸೇರಿದ.

ಸರಿಸುಮಾರು ಅದೇ ದಿನಗಳಲ್ಲಿ, ಸೆಪ್ಟೆಂಬರ್ 26ರಂದು, ಅಥೆನ್ಸಿನಲ್ಲಿ ನಡೆದದ್ದು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪಾರ್ಥೆನಾನ್ ಗುಡಿಯಾಗಿ, ಚರ್ಚ್ ಆಗಿ, ಮಸೀದಿಯಾಗಿ ಎರಡು ಸಾವಿರ ವರ್ಷ ದಾಟಿ ನಿಂತಿತ್ತು, ಬಹುಮಟ್ಟಿಗೆ ಗಟ್ಟಿಯಾಗಿಯೇ. ಆಗ ಅಥೆನ್ಸನ್ನು ಆಳುತ್ತಿದ್ದ ತುರ್ಕರು ಅದರೊಳಗೆ ಮದ್ದಿನ ದಾಸ್ತಾನು ಇಟ್ಟಿದ್ದರು. ಅವರ ಮೇಲೆ ಮುತ್ತಿಗೆ ಹಾಕಿದ್ದ ವೆನಿಸ್‌ನವರ ಒಂದು ಗುಂಡು ನೇರ ಅಲ್ಲಿಗೇ ಬಿದ್ದು ಮದ್ದು ಸಿಡಿಯಿತು. ಒಳಗೆ ಆಸರೆ ಪಡೆದಿದ್ದ ಹೆಂಗಸರು, ಮಕ್ಕಳು ಸೇರಿ ಸುಮಾರು 300 ಜನ ಸತ್ತರು. ಆಮೇಲೆ ವೆನಿಸ್‌ನ ಸೇನಾಪತಿ ಮೊರೊಸಿನಿ ಅಲ್ಲಿನ ಶಿಲ್ಪಗಳನ್ನು ಊರಿಗೆ ಒಯ್ಯಲು ಇಳಿಸುವಾಗ ಅವೂ ಬಿದ್ದು ಪುಡಿಯಾದವು. ಇಂದು ಫೋಟೋದಲ್ಲಿ ನಾವು ನೋಡುವ ಹಾಳು ಕಟ್ಟಡ ಕಾಲ ಮಾಡಿದ್ದಕ್ಕಿಂತ ಜಾಸ್ತಿ ಆ ಒಂದು ದಿನ ಮಾಡಿದ್ದು.

ಪ್ರಶ್ನೆ: ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದದ್ದೂ ಅದೇ ವರ್ಷ ಅಲ್ವಾ? ಅಚ್ಚು ಹಾಕಿಸಿದ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇನಾ?

ಉತ್ತರ: ಹೌದು, ಅವನೇ. ಪುಸ್ತಕ ಬಂದದ್ದು ಜುಲೈಯಲ್ಲಿ. ಗ್ರಹ ಸುತ್ತುವುದಕ್ಕೂ ಕಲ್ಲು ನೆಲಕ್ಕೆ ಬೀಳುವುದಕ್ಕೂ ಒಂದೇ ನಿಯಮ ಅಂತ ಲೆಕ್ಕ ಹಾಕಿ ತೋರಿಸಿದ ಪುಸ್ತಕ ಅದು. ಬರೆಯಲು ನ್ಯೂಟನ್ನನ ಬೆನ್ನು ಹತ್ತಿದವನೂ ಹ್ಯಾಲಿಯೇ. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಅದಕ್ಕೆ ಮೊದಲು ಮೀನುಗಳ ಬಗ್ಗೆ ಚಿತ್ರಗಳಿದ್ದ ದೊಡ್ಡ ಪುಸ್ತಕ ತಂದು ಕೈ ಸುಟ್ಟುಕೊಂಡಿತ್ತು. ಹಾಗಾಗಿ ಖರ್ಚನ್ನು ಹ್ಯಾಲಿ ತನ್ನ ಜೇಬಿನಿಂದ ಹಾಕಿದ. ಸೊಸೈಟಿಯಲ್ಲೇ ಕೆಲಸ ಮಾಡುತ್ತಿದ್ದ ಅವನಿಗೆ ಸಂಬಳದ ಬದಲು ಸಿಕ್ಕಿದ್ದು ಮಾರಾಟವಾಗದೆ ಉಳಿದ ಅದೇ ಮೀನಿನ ಪುಸ್ತಕದ ಪ್ರತಿಗಳು.